ಮನೆಯ ಫೋನಿಗೆ ಕಸ್ಟಮ್ ರಾಮ್: ಹಾಕಲೇ, ಬೇಡವೇ?

ಪ್ರಶ್ನೆ: ನಾನು ಹೊಳೆನರಸೀಪುರದಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಊರು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಶುಂಠಿಗೆ ಒಳ್ಳೆ ರೇಟ್ ಸಿಕ್ಕ ವರ್ಷ ಅಪ್ಪ ಕೊಡಿಸಿದ ಫೋನು ಈಗ ನಾಲ್ಕು ವರ್ಷ ಹಳೆಯದು. ಕಂಪನಿಯಿಂದ ಅಪ್‌ಡೇಟ್ ಬರುವುದು ನಿಂತಿದೆ. ವಾಟ್ಸ್‌ಆ್ಯಪ್ ತೆರೆಯಲೂ ಕಾಯಬೇಕು, ಕ್ಯಾಮೆರಾ ಒತ್ತಿದರೆ ಹ್ಯಾಂಗ್ ಆಗುತ್ತದೆ. ಚನ್ನರಾಯಪಟ್ಟಣದಲ್ಲಿರುವ ದೊಡ್ಡಪ್ಪನ ಮಗ ತನ್ನ ಫೋನಿಗೆ ಕಸ್ಟಮ್ ರಾಮ್ ಹಾಕಿಕೊಂಡಿದ್ದಾನೆ. ಅದು ನನ್ನದಕ್ಕಿಂತ ಹಳೆಯದು, ಆದರೂ ಚುರುಕಾಗಿ ಓಡುತ್ತದೆ. ‘ಅರ್ಧ ಗಂಟೆ ಕೆಲ್ಸ ಕಣೋ, ವಿಡಿಯೋ ನೋಡ್ಕೊಂಡು ಮಾಡು’ ಅನ್ನುತ್ತಾನೆ. ಹಾಸನದ ಒಂದು ಮೊಬೈಲ್ ಅಂಗಡಿಯಲ್ಲಿ ಕೇಳಿದೆ, ಐನೂರು ರೂಪಾಯಿಗೆ ‘ಸಾಫ್ಟ್‌ವೇರ್ ಹೊಡೆದುಕೊಡ್ತೀವಿ’ ಅಂದರು. ನನಗೆ ಇದೆಲ್ಲ ಹೊಸದು. ಅಪ್ಪನದು ಕೀಪ್ಯಾಡ್ ಫೋನು. ಅವರ ಬ್ಯಾಂಕ್ ಖಾತೆಯ ಸಿಮ್ ನನ್ನ ಫೋನಿನ ಎರಡನೇ ಸ್ಲಾಟಿನಲ್ಲಿದೆ. ಮಂಡಿಯವರು ಫೋನ್‌ಪೇ ಮಾಡುವುದು, ಅಮ್ಮನ ಗೃಹಲಕ್ಷ್ಮಿ ಹಣದ ಮೆಸೇಜು, ಎಲ್ಲ ಇದಕ್ಕೇ ಬರುತ್ತದೆ. ಮದುವೆಯಾಗಿ ಹೋಗುವಾಗ ಅಕ್ಕ ಬಿಟ್ಟುಹೋದ ಇನ್ನೊಂದು ಹಳೆ ಫೋನು ಮೂಲೆ ಒಡೆದು ಅಲಮಾರಿಯಲ್ಲಿ ಬಿದ್ದಿದೆ. ಧೈರ್ಯ ಮಾಡಲೇ? ಫೋನು ಡೆಡ್ ಆದರೆ ಅಪ್ಪನಿಗೆ ಏನು ಹೇಳಲಿ?
— ಹೆಸರು ಬೇಡ, ಹೊಳೆನರಸೀಪುರ

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ನಿಮ್ಮ ಕೈಯಲ್ಲಿರುವ ಫೋನಿಗೆ ಬೇಡ. ಅಲಮಾರಿಯಲ್ಲಿರುವ ಫೋನಿಗೆ, ಕೆಲವು ವಿಚಾರ ಖಚಿತ ಮಾಡಿಕೊಂಡು, ಹಾಕಬಹುದು.

‘ನನಗೆ ಇದೆಲ್ಲ ಹೊಸದು’ ಎಂದು ಹಿಂಜರಿಯುತ್ತಿದ್ದೀರಿ. ಹೊಸಬರೆಂಬುದು ದೊಡ್ಡ ಅಡ್ಡಿಯಲ್ಲ. ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಟೈಪ್ ಮಾಡಲು, ಒಂದು ಪುಟದ ಸೂಚನೆಯನ್ನು ತಪ್ಪದೆ ಅನುಸರಿಸಲು ನಿಮ್ಮ ವಯಸ್ಸಿನವರಿಗೆ ಖಂಡಿತ ಬರುತ್ತದೆ. ನೋಡಬೇಕಾದ್ದು ಆ ಫೋನಿನ ಮೇಲೆ ಯಾರು ಯಾರು ಆತುಕೊಂಡಿದ್ದಾರೆ ಎಂಬುದನ್ನು. ಹದಿನೈದು ದಿನ ಅದು ಇಲ್ಲದಿದ್ದರೂ ಮನೆ ನಡೆಯುತ್ತದೆ ಎಂದಾದರೆ ಪ್ರಯೋಗಕ್ಕೆ ಅಡ್ಡಿಯಿಲ್ಲ. ನಡೆಯುವುದಿಲ್ಲ ಎಂದಾದರೆ ಎಷ್ಟು ನುರಿತವರೂ ಅದನ್ನು ಮುಟ್ಟಬಾರದು. ನಿಮ್ಮ ಪತ್ರದ ಪ್ರಕಾರ ಅಪ್ಪ, ಅಮ್ಮ, ನೀವು, ಮಂಡಿಯ ವ್ಯವಹಾರ, ಇಷ್ಟೂ ಅದರ ಮೇಲಿದೆ.

ನಿಮ್ಮ ಆಸೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಕನ್ನಡದವರಿಗೆ ಈ ಹಟ ಹೊಸದೂ ಅಲ್ಲ. ಆಂಡ್ರಾಯ್ಡ್ 2.3ರ ಕಾಲದಲ್ಲಿ ಬಹಳಷ್ಟು ಫೋನುಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಕೆಲವರು ಒಪೆರಾ ಮಿನಿಯ ಒಳಗಿನ ಒಂದು ಸೆಟ್ಟಿಂಗ್ ಬದಲಿಸಿ ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದಿದರು. ಇನ್ನು ಕೆಲವರು ಫೋನನ್ನು ರೂಟ್ ಮಾಡಿ, ಅಂದರೆ ಒಳಗಿನ ಸಿಸ್ಟಮ್ ಫೈಲುಗಳನ್ನೇ ತಿದ್ದುವ ಅಧಿಕಾರ ಪಡೆದು, ಫಾಂಟನ್ನೇ ಬದಲಿಸಿದರು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಗೂಗಲ್ಲೇ ಕನ್ನಡ, ತೆಲುಗು, ಮಲಯಾಳಂ ಲಿಪಿಗಳನ್ನು ಸೇರಿಸಿದ ಮೇಲೆ ಆ ಸಾಹಸದ ಅಗತ್ಯ ತಪ್ಪಿತು. ಆದರೆ ಆಗ ಫೋನು ಕೆಟ್ಟರೆ ಕೆಡುತ್ತಿದ್ದದ್ದು ಫೋನು ಮಾತ್ರ. ಯುಪಿಐ ಬಂದದ್ದು 2016ರಲ್ಲಿ. ಅಲ್ಲಿಂದೀಚೆಗೆ ಪಾಸ್‌ಬುಕ್ಕು, ಪರ್ಸು, ರೇಷನ್ನಿನ ಒಟಿಪಿ ಎಲ್ಲ ಅದರೊಳಗೆ ಬಂದು ಕೂತಿವೆ. ಕೆಲಸ ಅದೇ, ತೆರಬೇಕಾದ ಬೆಲೆ ಬೇರೆ.

ಏನು ನಡೆಯುತ್ತದೆ?

ಕಸ್ಟಮ್ ರಾಮ್ ಎಂದರೆ ಫೋನ್ ಕಂಪನಿ ಹಾಕಿಕೊಟ್ಟ ಆಂಡ್ರಾಯ್ಡನ್ನು ತೆಗೆದು, ಆಸಕ್ತರು ಸೇರಿ ಸಿದ್ಧಪಡಿಸಿದ ಇನ್ನೊಂದು ಆಂಡ್ರಾಯ್ಡ್ ಹಾಕುವುದು. ಆಂಡ್ರಾಯ್ಡ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಇದು ಕಳ್ಳತನವಲ್ಲ, ಅಕ್ರಮವೂ ಅಲ್ಲ. 2009ರಲ್ಲಿ ಶುರುವಾದ ಸಯನೋಜೆನ್‌ಮಾಡ್ ಇವುಗಳಲ್ಲಿ ಹೆಸರುವಾಸಿಯಾಗಿತ್ತು. ಅದರ ಹಿಂದಿದ್ದ ಕಂಪನಿ 2016ರ ಡಿಸೆಂಬರಿನಲ್ಲಿ ಸೇವೆ ನಿಲ್ಲಿಸಿದಾಗ, ಅದೇ ಕೋಡ್ ಹಿಡಿದು ಲೀನಿಯೇಜ್ ಓಎಸ್ ಹುಟ್ಟಿತು. ಇಂದು ಹೊಸಬರು ನೋಡಬೇಕಾದ ಮೊದಲ ಹೆಸರು ಅದೇ. ಒಂದೊಂದು ಮಾದರಿಯ ಫೋನನ್ನೂ ಯಾರೋ ಒಬ್ಬಿಬ್ಬರು ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಾರೆ. ಅವರು ಕೈಬಿಟ್ಟರೆ ಅಲ್ಲಿಗೂ ಅಪ್‌ಡೇಟ್ ನಿಲ್ಲುತ್ತದೆ.

ಹೊಸದನ್ನು ಹಾಕಬೇಕಾದರೆ ಮೊದಲು ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಫೋನು ಆನ್ ಆಗುವಾಗ, ತನ್ನೊಳಗಿನ ಸಾಫ್ಟ್‌ವೇರ್ ಕಂಪನಿಯದ್ದೇ ಹೌದೇ ಎಂದು ನೋಡುವ ವ್ಯವಸ್ಥೆ ಅದು. ಅನ್‌ಲಾಕ್ ಮಾಡಿದ ಕ್ಷಣ ಫೋನಿನಲ್ಲಿರುವ ಫೋಟೊ, ಮೆಸೇಜ್, ಆ್ಯಪ್ ಎಲ್ಲವೂ ಅಳಿಸಿಹೋಗುತ್ತವೆ. ಇದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿಟ್ಟಿದ್ದಾರೆ: ಕದ್ದ ಫೋನನ್ನು ಹೀಗೆ ತೆರೆದವನಿಗೆ ಮಾಲೀಕನ ಮಾಹಿತಿ ಸಿಗಬಾರದು. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಪ್ರತಿ ಸಲ ಆನ್ ಮಾಡಿದಾಗಲೂ ‘ಈ ಸಾಧನವನ್ನು ನಂಬಲಾಗದು’ ಎಂಬರ್ಥದ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ.

ಚನ್ನರಾಯಪಟ್ಟಣದ ನಿಮ್ಮಣ್ಣ ಹೇಳಿದ ಅರ್ಧ ಗಂಟೆಯ ಲೆಕ್ಕವನ್ನೂ ನೋಡೋಣ. ಶಿಯೋಮಿಯ ಫೋನಾದರೆ ಮಿ ಅಕೌಂಟ್ ಜೋಡಿಸಿ ಅನುಮತಿ ಕೇಳಬೇಕು. ಸಾಮಾನ್ಯವಾಗಿ ಬರುವ ಉತ್ತರ ‘168 ಗಂಟೆ ಬಿಟ್ಟು ಪ್ರಯತ್ನಿಸಿ’ ಎಂದು, ಅಂದರೆ ಪೂರ್ತಿ ಏಳು ದಿನ. ಅದೇ ಕಂಪನಿಯ ಹೊಸ ಸಾಫ್ಟ್‌ವೇರ್ ಹೈಪರ್ ಓಎಸ್ ಬಂದ ಮೇಲೆ ನಿಯಮ ಇನ್ನೂ ಬಿಗಿಯಾಗಿದೆ. ವಿವೊ ಅನ್‌ಲಾಕ್‌ಗೆ ಅವಕಾಶವನ್ನೇ ಕೊಡುವುದಿಲ್ಲ. ಸ್ಯಾಮ್‌ಸಂಗ್‌ನ ಅವಕಾಶವಿರುವ ಮಾದರಿಗಳಲ್ಲಿ, ಹೊರಗಿನ ಸಾಫ್ಟ್‌ವೇರ್ ಹಾಕಿದರೆ ನಾಕ್ಸ್ ಎಂಬ ಭದ್ರತಾ ಗುರುತು ಶಾಶ್ವತವಾಗಿ ಮುರಿದುಬೀಳುತ್ತದೆ. ಆಮೇಲೆ ಕಂಪನಿಯ ಸಾಫ್ಟ್‌ವೇರನ್ನೇ ಮತ್ತೆ ಹಾಕಿದರೂ ಸೆಕ್ಯೂರ್ ಫೋಲ್ಡರ್‌ನಂಥವು ಬರುವುದಿಲ್ಲ. ಅನ್‌ಲಾಕ್ ಆದ ಮೇಲೆ ರಾಮ್ ಫೈಲು, ಗೂಗಲ್ ಆ್ಯಪ್‌ಗಳ ಪ್ಯಾಕೇಜು, ಕೆಟ್ಟರೆ ಇರಲಿ ಎಂದು ಕಂಪನಿಯ ಮೂಲ ಸಾಫ್ಟ್‌ವೇರು, ಇಷ್ಟನ್ನು ಇಳಿಸಿಕೊಳ್ಳಲು ಹಲವು ಜಿಬಿ ಬೇಕು. ದಿನಕ್ಕೆರಡು ಜಿಬಿಯ ಪ್ಯಾಕಿನಲ್ಲಿ ಅದೇ ಎರಡು ಮೂರು ದಿನದ ಕೆಲಸ.

ಬ್ಯಾಂಕು ಬಿಟ್ಟುಕೊಡುವುದಿಲ್ಲ

ನಿಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದು. ರಿಸರ್ವ್ ಬ್ಯಾಂಕು 2021ರ ಫೆಬ್ರವರಿಯಲ್ಲಿ ಡಿಜಿಟಲ್ ಪಾವತಿಯ ಭದ್ರತೆಗೆ ನಿರ್ದೇಶನ ಹೊರಡಿಸಿತು. ಫೋನು ರೂಟ್ ಆಗಿದೆಯೇ ಎಂದು ಆ್ಯಪ್ ಮೊದಲೇ ಪರೀಕ್ಷಿಸಿ, ಆಗಿದ್ದರೆ ಕೆಲಸ ಮಾಡದಂತೆ ತಡೆಯುವ ಸಾಧ್ಯತೆಯನ್ನು ನೋಡಿ ಎಂದು ಅದರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಕಸ್ಟಮ್ ರಾಮ್ ಹಾಕಿದವರೆಲ್ಲ ರೂಟ್ ಮಾಡಿರಬೇಕೆಂದಿಲ್ಲ, ಎರಡೂ ಬೇರೆ ಬೇರೆ. ಆದರೆ ಬ್ಯಾಂಕಿನ ಆ್ಯಪ್ ಅಷ್ಟು ಸೂಕ್ಷ್ಮವಾಗಿ ನೋಡುತ್ತ ಕೂರುವುದಿಲ್ಲ. ‘ಈ ಫೋನು ಕಂಪನಿಯಿಂದ ಬಂದ ಸ್ಥಿತಿಯಲ್ಲೇ ಇದೆಯೇ?’ ಎಂದು ಗೂಗಲ್‌ನ ಪ್ಲೇ ಇಂಟೆಗ್ರಿಟಿಯನ್ನು ಕೇಳುತ್ತದೆ. ಇಲ್ಲ ಎಂದು ಬಂದರೆ ಒಳಗೆ ಬಿಡದಿರಬಹುದು. ಆಂಡ್ರಾಯ್ಡ್ 13 ಮತ್ತು ಅದರ ನಂತರದ ಆವೃತ್ತಿಗಳಿಗೆ 2025ರ ಮೇ ತಿಂಗಳಿಂದ ಈ ಪರೀಕ್ಷೆ ಇನ್ನಷ್ಟು ಕಟ್ಟುನಿಟ್ಟಾಗಿದೆ. ಈಗ ಫೋನಿನ ಹಾರ್ಡ್‌ವೇರೇ ಸಾಕ್ಷಿ ಹೇಳಬೇಕು.

ಇದನ್ನು ತಪ್ಪಿಸಿಕೊಳ್ಳುವ ಉಪಾಯಗಳೂ ಓಡಾಡುತ್ತಿವೆ. ರೂಟ್ ಮಾಡುವ ಮ್ಯಾಜಿಸ್ಕ್ ಹಾಕು, ಅದರ ಮೇಲೆ ಇನ್ನೊಂದು ಮಾಡ್ಯೂಲ್ ಹಾಕು ಎಂದು ವಿಡಿಯೋದವರು ಹೇಳುತ್ತಾರೆ. ಅವು ಕೆಲಸ ಮಾಡುವುದೂ ಉಂಟು. ಆದರೆ ಇವತ್ತು ತೆರೆದ ಆ್ಯಪು ನಾಳೆಯ ಅಪ್‌ಡೇಟಿಗೆ ಮುಚ್ಚಿಕೊಳ್ಳಬಹುದು. ಶುಂಠಿ ತೂಕವಾಗಿ, ಮಂಡಿಯವರು ‘ದುಡ್ಡು ಹಾಕಿದೀನಿ, ನೋಡಿ’ ಅಂದ ಹೊತ್ತಿಗೆ ನಿಮ್ಮ ಫೋನಿನಲ್ಲಿ ಆ್ಯಪೇ ತೆರೆಯದಿದ್ದರೆ ಅಪ್ಪ ಮಂಡಿಯವರ ಬಾಯಿಮಾತು ನಂಬಿ ವಾಪಸ್ ಬರಬೇಕು, ಇಲ್ಲ ಬ್ಯಾಂಕಿನ ಬಾಗಿಲಿಗೆ ಹೋಗಬೇಕು.

ಹೆಚ್ಚಿನವರು ಹೇಳದ ಇನ್ನೊಂದು ವಿಚಾರವಿದೆ. ಜಿಯೋಗೆ 2ಜಿ, 3ಜಿ ನೆಟ್‌ವರ್ಕ್ ಇಲ್ಲ. ಅದರಲ್ಲಿ ಕರೆ ಹೋಗುವುದು 4ಜಿಯ ಮೇಲೆಯೇ ಕರೆ ಸಾಗಿಸುವ ವೋಎಲ್‌ಟಿಇ ಮೂಲಕ ಅಥವಾ ಅದಕ್ಕೂ ಮೇಲಿನದರ ಮೂಲಕ. ಹಾಕಿದ ರಾಮ್‌ನಲ್ಲಿ ವೋಎಲ್‌ಟಿಇ ಕೆಲಸ ಮಾಡದಿದ್ದರೆ ಇಂಟರ್‌ನೆಟ್ ಓಡುತ್ತದೆ, ಯೂಟ್ಯೂಬ್ ಓಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಕ್ಯಾಮೆರಾವೂ ಅಷ್ಟೇ. ಕಂಪನಿಯ ಕ್ಯಾಮೆರಾ ಆ್ಯಪ್ ಹೋದ ಮೇಲೆ ಅದೇ ಲೆನ್ಸಿನಿಂದ ಮೊದಲಿನ ಗುಣಮಟ್ಟ ಬರದಿರಬಹುದು.

ಆದ್ದರಿಂದ ಮುಂದಿನ ಸಲ ಚನ್ನರಾಯಪಟ್ಟಣಕ್ಕೆ ಹೋದಾಗ ಅಣ್ಣನ ಫೋನನ್ನು ಕೈಗೆ ತೆಗೆದುಕೊಳ್ಳಿ. ಅವನ ಬ್ಯಾಂಕಿನ ಆ್ಯಪನ್ನು ನಿಮ್ಮೆದುರೇ ತೆರೆಯಲು ಹೇಳಿ. ಅದರಿಂದ ನಿಮಗೊಂದು ಕರೆ ಮಾಡಿಸಿ. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ಸೆಕ್ಯೂರಿಟಿ ಪ್ಯಾಚ್‌ನ ತಾರೀಖು ಓದಿ. ಮೂರೂ ಸರಿಯಿದ್ದರೆ ಅವನ ಕೆಲಸ ಮೆಚ್ಚಿಕೊಳ್ಳಿ, ಆದರೆ ಅದು ಅವನ ಮಾದರಿಯ ಫೋನಿನ ಮಾತು ಎಂಬುದು ನೆನಪಿರಲಿ. ಒಂದು ಸರಿಯಿಲ್ಲದಿದ್ದರೂ ‘ಅದನ್ನು ಹೇಗೆ ನಿಭಾಯಿಸ್ತೀಯಾ?’ ಎಂದು ಕೇಳಿ. ಬೇರೆ ಫೋನು ಇದೆ ಎಂದನಾದರೆ, ನಿಮಗೂ ಅವನಿಗೂ ಇರುವ ವ್ಯತ್ಯಾಸ ಅದೇ.

ಮೊದಲು ರೋಗ ನೋಡಿ

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಬೇಡ. ನಾಲ್ಕು ವರ್ಷದ ಫೋನು ನಿಧಾನವಾಗಲು ಕಾರಣ ಹೆಚ್ಚಾಗಿ ಆಂಡ್ರಾಯ್ಡ್ ಹಳೆಯದಾದದ್ದಲ್ಲ. ಸೆಟ್ಟಿಂಗ್ಸ್‌ನಲ್ಲಿ ಮೊದಲು ಸ್ಟೋರೇಜ್ ತೆರೆದು ನೋಡಿ. 64 ಜಿಬಿಯಲ್ಲಿ 60 ತುಂಬಿದ್ದರೆ ಯಾವ ಸಾಫ್ಟ್‌ವೇರೂ ಚುರುಕಾಗಿ ಓಡದು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’ ಎಂದಿದೆ. ಗ್ರೂಪುಗಳಿಂದ ಬಂದ ವಿಡಿಯೋಗಳು ಅಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕಾಣುತ್ತವೆ. ಸುಪ್ರಭಾತ, ಶುಭೋದಯದ ವಿಡಿಯೋಗಳನ್ನು ಅಳಿಸಿದರೆ ಹಲವು ಜಿಬಿ ಖಾಲಿಯಾಗುವುದುಂಟು. ಸ್ಟೋರೇಜಿನ ಕಾಲುಭಾಗವಾದರೂ ಖಾಲಿ ಇಟ್ಟುಕೊಳ್ಳಿ.

ಎರಡನೆಯದು ಬ್ಯಾಟರಿ. ಉಬ್ಬಿದ್ದರೆ ತಡಮಾಡದೆ ತೆಗೆಸಿ, ಅದು ಅಪಾಯ. ಚಾರ್ಜ್ ಅರ್ಧ ದಿನವೂ ನಿಲ್ಲದಿದ್ದರೆ ಹೊಸದು ಹಾಕಿಸಿ. ಹಾಸನದ ಅಂಗಡಿಗೆ ಐನೂರು ಕೊಡುವುದಿದ್ದರೆ ಇದಕ್ಕೆ ಕೊಡುವುದು ಮೇಲು.

ಮೂರನೆಯದು ಕಂಪನಿಯೇ ತುಂಬಿ ಕಳಿಸಿದ ಬೇಡದ ಆ್ಯಪುಗಳು. ಇವನ್ನು ಕಂಪ್ಯೂಟರಿಗೆ ಜೋಡಿಸಿ ಎಡಿಬಿ ಎಂಬ ಸಾಧನದಿಂದ ನಿಮ್ಮ ಬಳಕೆಯಿಂದ ತೆಗೆದುಹಾಕಬಹುದು. ಬೂಟ್‌ಲೋಡರ್ ತೆರೆಯಬೇಕಿಲ್ಲ, ಡೇಟಾ ಅಳಿಯುವುದಿಲ್ಲ, ಫ್ಯಾಕ್ಟರಿ ರಿಸೆಟ್ ಮಾಡಿದರೆ ಸಾಮಾನ್ಯವಾಗಿ ಎಲ್ಲ ವಾಪಸ್ ಬರುತ್ತವೆ. ಏನೆಂದು ಗೊತ್ತಿಲ್ಲದ ಆ್ಯಪನ್ನು ಮಾತ್ರ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ, ಇದಕ್ಕಾಗಿ ಆನ್ ಮಾಡಿದ ಯುಎಸ್‌ಬಿ ಡೀಬಗ್ಗಿಂಗ್ ಆಫ್ ಮಾಡಿ, ಕೆಲವು ಬ್ಯಾಂಕ್ ಆ್ಯಪುಗಳು ಅದಕ್ಕೂ ತಗಾದೆ ತೆಗೆಯುತ್ತವೆ.

ಇಷ್ಟಾದರೂ ಸುಧಾರಿಸದಿದ್ದರೆ ಕೊನೆಗೆ ಫ್ಯಾಕ್ಟರಿ ರಿಸೆಟ್. ಅದಕ್ಕೂ ಮೊದಲು ವಾಟ್ಸ್‌ಆ್ಯಪ್ ಬ್ಯಾಕಪ್ ಆಗಿರಲಿ, ಫೋಟೊಗಳು ಬೇರೆ ಕಡೆ ಇರಲಿ, ಗೂಗಲ್ ಪಾಸ್‌ವರ್ಡ್ ನೆನಪಿರಲಿ. ಯುಪಿಐ ಮತ್ತೆ ನೋಂದಾಯಿಸಿದಾಗ ಸಾಮಾನ್ಯವಾಗಿ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುತ್ತದೆ. ಹಾಗಾಗಿ ಕಾಲೇಜು ಫೀಸ್ ಕಟ್ಟುವ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕಬೇಡಿ.

ಅಪ್‌ಡೇಟ್ ನಿಂತದ್ದು ಚಿಂತೆಯ ವಿಷಯವೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕಸ್ಟಮ್ ರಾಮ್ ಅದಕ್ಕೆ ಪೂರ್ತಿ ಮದ್ದಲ್ಲ. ಅದು ಆಂಡ್ರಾಯ್ಡ್‌ನ ಭಾಗವನ್ನು ಹೊಸದು ಮಾಡುತ್ತದೆ. ಮೋಡೆಮ್, ಫಿಂಗರ್‌ಪ್ರಿಂಟ್, ಕ್ಯಾಮೆರಾಗಳನ್ನು ನಡೆಸುವ ಕ್ವಾಲ್‌ಕಾಮ್ ಅಥವಾ ಮೀಡಿಯಾಟೆಕ್‌ನ ಫೈಲುಗಳು ಕಂಪನಿ ಕೈಬಿಟ್ಟ ದಿನ ಹೇಗಿದ್ದವೋ ಬಹುಪಾಲು ಹಾಗೇ ಉಳಿಯುತ್ತವೆ. ಅದಲ್ಲದೆ ನಮ್ಮ ಕಡೆ ದುಡ್ಡು ಕಳೆದುಕೊಳ್ಳುವವರಲ್ಲಿ ಅನೇಕರು ವಾಟ್ಸ್‌ಆ್ಯಪ್‌ಗೆ ಬಂದ ಎಪಿಕೆ ಫೈಲು ಒತ್ತಿ ಮೋಸಹೋದವರು. ಮದುವೆ ಆಮಂತ್ರಣ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಎಂದು ಹೆಸರಿಟ್ಟು ಕಳಿಸುತ್ತಾರೆ. ಪ್ಲೇಸ್ಟೋರ್ ಬಿಟ್ಟು ಬೇರೆಲ್ಲಿಂದಲೂ ಏನನ್ನೂ ಹಾಕಿಕೊಳ್ಳಬೇಡಿ, ಪ್ಲೇ ಪ್ರೊಟೆಕ್ಟ್ ಆನ್ ಇರಲಿ. ದುಡ್ಡು ಹೋದದ್ದು ಕಂಡರೆ ಕೂಡಲೇ 1930ಕ್ಕೆ ಕರೆ ಮಾಡಿ.

ಅಲಮಾರಿಯ ಫೋನು

ಈಗ ಅಕ್ಕನ ಫೋನಿನ ವಿಷಯ. ಕಲಿಯಲು ಇದಕ್ಕಿಂತ ಒಳ್ಳೆಯದು ಸಿಗದು. ಅಕ್ಕನಿಗೊಂದು ಫೋನ್ ಮಾಡಿ, ಒಳಗೆ ಅವರ ಫೋಟೊಗಳೇನಾದರೂ ಉಳಿದಿವೆಯೇ, ಅವರ ಗೂಗಲ್ ಖಾತೆ ಇನ್ನೂ ಇದೆಯೇ ಎಂದು ಕೇಳಿ. ಒಪ್ಪಿದ ಮೇಲೆ ಮುಂದುವರಿಯಿರಿ.

ಮೊದಲಿಗೆ ಮಾದರಿ. ಹೆಸರು ಒಂದೇ ಥರ ಇದ್ದ ಮಾತ್ರಕ್ಕೆ ಫೋನು ಒಂದೇ ಅಲ್ಲ. ರೆಡ್ಮಿ ನೋಟ್ 10ರ ಒಳಹೆಸರು ಮೊಜಿಟೊ, 10 ಎಸ್‌ನದು ರೋಸ್‌ಮೇರಿ, 10 ಪ್ರೊನದು ಸ್ವೀಟ್. ಒಂದರ ರಾಮ್ ಇನ್ನೊಂದಕ್ಕೆ ಹಾಕಿದರೆ ಫೋನು ಕೆಡಬಹುದು. ಲೀನಿಯೇಜ್ ಓಎಸ್‌ನ ಅಧಿಕೃತ ಪಟ್ಟಿಯಲ್ಲಿ ನಿಮ್ಮ ಫೋನಿನ ಒಳಹೆಸರು ಅಕ್ಷರ ಬಿಡದೆ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ. ‘ಅನಫಿಷಿಯಲ್’ ಎಂದಿರುವುದು ಹೊಸಬರಿಗಲ್ಲ.

ಎರಡನೆಯದು, ವಿಡಿಯೋ ಬಿಟ್ಟು ಆ ಮಾದರಿಗೆಂದೇ ಬರೆದಿರುವ ಸೂಚನೆಯ ಪುಟವನ್ನು ಮೊದಲಿಂದ ಕೊನೆವರೆಗೆ ಓದಿ. ವಿಡಿಯೋ ಮಾಡಿದವರ ಫೋನು ಯಾವ ಆವೃತ್ತಿಯಲ್ಲಿತ್ತೋ ನಿಮಗೆ ತಿಳಿಯದು. 2018ರಲ್ಲಿ ರೆಡ್ಮಿ ನೋಟ್ 5 ಪ್ರೊ ಇಟ್ಟುಕೊಂಡವರಿಗೆ ಇದೇ ಕಷ್ಟವಾಯಿತು. ಹೊಸ ಅಪ್‌ಡೇಟಿನಲ್ಲಿ ಹಿಂದಿನ ಆವೃತ್ತಿಗೆ ಮರಳದಂತೆ ತಡೆ ಬಂದಿತ್ತು. ಅದನ್ನು ತಿಳಿಯದೆ ಹಳೆಯ ಸಾಫ್ಟ್‌ವೇರ್ ಹಾಕಿದವರ ಫೋನುಗಳು ಪೂರ್ತಿ ನಿಂತುಹೋದವು. ಅವನ್ನು ಮತ್ತೆ ಎಬ್ಬಿಸಲು ಕಂಪನಿಯ ಅಧಿಕೃತ ಖಾತೆ ಇದ್ದವರೇ ಬೇಕಾಯಿತು.

ಮೂರನೆಯದು, ಲ್ಯಾಪ್‌ಟಾಪ್‌ನಲ್ಲೇ ಮಾಡಿ. ನಡುವೆ ಕರೆಂಟ್ ಹೋದರೂ ಅದು ನಿಲ್ಲದು, ಡೆಸ್ಕ್‌ಟಾಪಾದರೆ ಫೋನು ಲೋಗೋದಲ್ಲೇ ನಿಲ್ಲಬಹುದು. ಫೋನಿನ ಚಾರ್ಜ್ ಅರ್ಧಕ್ಕಿಂತ ಮೇಲಿರಲಿ, ಕೇಬಲ್ ಸಡಿಲ ಇರದಿರಲಿ, ಕಂಪನಿಯ ಮೂಲ ಸಾಫ್ಟ್‌ವೇರ್ ಮೊದಲೇ ಇಳಿದಿರಲಿ. ಎಲ್ಲ ಮುಗಿದ ಮೇಲೆ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಲು ಹೋಗಬೇಡಿ. ಕಸ್ಟಮ್ ರಾಮ್ ಇರುವಾಗ ಲಾಕ್ ಮಾಡಿದರೆ ಹೆಚ್ಚಿನ ಫೋನುಗಳು ಆನ್ ಆಗುವುದೇ ಇಲ್ಲ.

ನಾಲ್ಕನೆಯದು ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ. ಶುರುಮಾಡುವ ಮುಂಚೆ *#06# ಒತ್ತಿ ಬರುವ ನಂಬರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಡವಟ್ಟಾದರೆ ಈ ನಂಬರು ಅಳಿಸಿಹೋಗಿ ನೆಟ್‌ವರ್ಕೇ ಬಾರದಿರುವುದುಂಟು. ಆಗ ‘ಬೇರೆ ಐಎಂಇಐ ಹಾಕ್ಕೊಡ್ತೀನಿ’ ಅನ್ನುವವರು ಸಿಗುತ್ತಾರೆ. ಹತ್ತಿರ ಹೋಗಬೇಡಿ. ಐಎಂಇಐ ತಿದ್ದುವುದು ಜೈಲಿಗೆ ಕಳಿಸಬಹುದಾದ ಅಪರಾಧ.

ಹಾಸನದ ಅಂಗಡಿಯವರು ಒಳ್ಳೆಯವರೇ ಇರಬಹುದು, ಆದರೂ ಈ ಕೆಲಸವನ್ನು ಅವರಿಗೆ ಕೊಡಬೇಡಿ. ಯಾವ ಫೈಲು ಹಾಕಿದರು, ಎಲ್ಲಿಂದ ತಂದರು, ರೂಟ್ ಮಾಡಿದರೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ. ಮುಂದಿನ ತಿಂಗಳು ಅಪ್‌ಡೇಟ್ ಬಂದಾಗ ಮತ್ತೆ ಬಸ್ ಹತ್ತಬೇಕು. ಕಸ್ಟಮ್ ರಾಮ್‌ನ ಲಾಭವೆಲ್ಲ ಇರುವುದು ಹಾಕಿದವರಿಗೆ ಅದನ್ನು ತೆಗೆಯಲೂ ಬರುತ್ತದೆ ಎಂಬುದರಲ್ಲಿ.

ಅಪ್ಪನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಕೆಡಿಸಿದ ಮೇಲೆ ಹೇಳುವ ಮಾತು ಹುಡುಕುವುದಕ್ಕಿಂತ, ಕೈಹಾಕುವ ಮೊದಲೇ ಒಂದು ಮಾತು ಹೇಳಿ: ‘ಅಪ್ಪಾ, ಅಕ್ಕನ ಹಳೆ ಫೋನು ಬಿಚ್ಚಿ ಕಲಿತೀನಿ. ನಿಮ್ಮ ದುಡ್ಡು ಬರೋ ಫೋನು ಮುಟ್ಟಲ್ಲ.’ ಅಕ್ಕನ ಫೋನು ಹೋದರೂ ಮನೆಯಲ್ಲಿ ಯಾರ ಊಟವೂ ನಿಲ್ಲುವುದಿಲ್ಲ, ನಿಮಗೆ ನಾಲ್ಕು ಪಾಠವಾಗುತ್ತದೆ. ಸರಿಹೋದರೆ ಅದರಲ್ಲಿ ಓದಿ, ಹಾಡು ಕೇಳಿ, ಕ್ಲಾಸಿನ ನೋಟ್ಸ್ ಇಡಿ. ಬ್ಯಾಂಕಿನ ಆ್ಯಪ್ ಮಾತ್ರ ಅದರಲ್ಲಿ ಬೇಡ.

ಮುಂದಿನ ಬೆಳೆಗೆ ಕೈಯಲ್ಲಿ ದುಡ್ಡು ಓಡಾಡಿದರೆ ಅಪ್ಪನಿಗೆ ಒಂದು ಸಾಧಾರಣ ಸ್ಮಾರ್ಟ್‌ಫೋನು ಕೊಡಿಸಿ. ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಎಷ್ಟು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಎಂದು ಕೇಳಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಯಂಥ ಮಧ್ಯಮ ಬೆಲೆಯ ಫೋನಿಗೂ ಆರು ವರ್ಷ ಕೊಡುವುದಾಗಿ ಕಂಪನಿ ಹೇಳಿದೆ. ಅಪ್ಪನ ಸಿಮ್ಮು, ಫೋನ್‌ಪೇ ಅದಕ್ಕೆ ಹೋದ ಮೇಲೆ ನಿಮ್ಮ ಫೋನಿನ ಮೇಲೆ ಆತುಕೊಂಡವರು ನೀವೊಬ್ಬರೇ. ಆಗ ಇದೇ ಪ್ರಶ್ನೆ ಕೇಳಿದರೆ ನನ್ನ ಉತ್ತರ ಬೇರೆಯಾಗಿರುತ್ತದೆ.